ಹಳದಿ ಸುತ್ತಿಗೆ

ಶನಿವಾರ, ಬೆಳಿಗ್ಗೆ ಆರೂಕಾಲು. ಚೈನ್‌ಸಾ ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು.

ನನ್ನ ಬೆನ್ನಿಗೆ, ಕಡಿದು ಬೀಳಿಸಿದ ಓಡಂ ಎಂಬ ಬೆಲೆಬಾಳುವ ಮರದ ದಿಮ್ಮಿ. ಎದೆಯೆತ್ತರದ ದಿಮ್ಮಿ. ಅದರ ಆಚೆ ಬದಿಯಿಂದ ಒಬ್ಬ ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದು ತಲೆಯನ್ನು ದಿಮ್ಮಿಗೆ ಒರಗಿಸಿದ್ದ. ಅವನ ಇನ್ನೊಂದು ಕೈಯಲ್ಲಿ ಮಚ್ಚು. ಈಚೆ ಬದಿಯಲ್ಲಿ, ನನ್ನೆದುರು, ಸಕೋರಾ. ಬೋಳುತಲೆಯವನಿಗೆ ನಮ್ಮ ಕಡೆ ಇಡುವ ಹೆಸರು ಅದು. ಅವನ ತಾಯಿ ಇಟ್ಟ ಹೆಸರು ಯಾರಿಗೂ ಗೊತ್ತಿಲ್ಲ.

"ಯಾರು ಕಳಿಸಿದ್ದು?"

"ಯಾರೂ ಇಲ್ಲ."

"ಸುಮ್ನೆ ಗಾಳಿ ಕುಡಿಯೋಕೆ ಬಂದೆ, ಅಲ್ವಾ? ಬೆಳಬೆಳಿಗ್ಗೆ, ಮೀಸಲು ಕಾಡಿಗೆ?"

"ಡಾಕ್ಟರ್ ಹೇಳಿದಾರೆ. ದಿನಾ ನಡೀಬೇಕಂತೆ."

ಅವನು ನಕ್ಕ. ಚೈನ್‌ಸಾ ನನ್ನ ಬಲಗಿವಿಯ ಪಕ್ಕ ದಿಮ್ಮಿಯೊಳಗೆ ಇಳಿಯಿತು. ಹಳದಿ ಪುಡಿ ಮುಖದ ಮೇಲೆಲ್ಲ ಹಾರಿತು. ಓಡಂ ಪುಡಿ ಮೂಗಿಗೆ ಹೋದರೆ ಮೆಣಸಿನ ಪುಡಿಯ ಹಾಗೆ. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ.

"ಇದು ಮೊದಲನೇ ಸಲ," ಎಂದ ಸಕೋರಾ. "ಮುಂದಿನದು ಹತ್ತಿರ. ಅದರ ಮುಂದಿನದು ನಿಂಗೆ ಕೇಳ್ಸಲ್ಲ."

ನಾನು ಕಣ್ಣನ್ನು ಮಾತ್ರ ಹೊರಳಿಸಿದೆ. ಬಲಗಡೆ ತೊಗಟೆ ಒಂದು ಕಡೆ ಉಬ್ಬಿತ್ತು. ಉಬ್ಬಿನ ನಡುವೆ ಹಳೆಯ ಗಾಯ ಮಾಗಿದ ಗೆರೆ. ಎಂದೋ ಪೆಟ್ಟು ತಿಂದ ಓಡಂ ಮರದ ಒಳಗೆ ವರ್ಷಾನುಗಟ್ಟಲೆ ಸುಣ್ಣ ಸೇರಿ ಕಲ್ಲಾಗುತ್ತದೆ. ಹೊರಗಿನಿಂದ ಕಾಣುವುದು ಈ ಉಬ್ಬು ಮಾತ್ರ. ಗರಗಸದ ಮಿಲ್ಲಿನವರು ಅದನ್ನು ಕಂಡರೆ ದಿಮ್ಮಿಯನ್ನೇ ಬೇಡ ಅನ್ನುತ್ತಾರೆ.

ನಾನು ತಲೆಯನ್ನು ಒಂದಿಷ್ಟು ಎಡಕ್ಕೆ ಸರಿಸಿದೆ. ಈಗ ನನ್ನ ಕಿವಿಗೂ ಅವನು ಮೊದಲು ಕೊಯ್ದ ಗೀಟಿಗೂ ನಡುವೆ ಸರಿಯಾಗಿ ಆ ಉಬ್ಬು.

"ಕೈ ನಡುಗ್ತಾ ಇದೆಯಲ್ಲೋ," ಎಂದೆ. "ಅಷ್ಟು ದೂರ ಕೊಯ್ದೆ. ಹತ್ತಿರ ಬರೋಕೆ ಭಯಾನಾ?"

"ಭಯಾನಾ? ನಂಗಾ?"

ಅವನು ಹತ್ತಿರ ಬಂದ. ಚೈನ್‌ಸಾ ಇಳಿಯಿತು.

ಕಿಡಿ ಹಾರಿತು. ಸಿಡಿಮದ್ದಿನಂಥ ಸದ್ದು. ಸರಪಳಿ ತುಂಡಾಗಿ ಹಾವಿನ ಹಾಗೆ ಬೀಸಿ ಸಕೋರಾನ ತೊಡೆಗೆ ಬಡಿಯಿತು. ಅವನು ಕೂಗಿಕೊಂಡು ಕುಳಿತ. ಹಿಂದಿನವನ ಹಿಡಿತ ಒಂದು ಕ್ಷಣ ಸಡಿಲವಾಯಿತು. ಕಾಲರ್ ಅವನ ಕೈಯಲ್ಲಿ ಉಳಿಯಿತು. ನಾನು ಉಳಿಯಲಿಲ್ಲ.

ಓಡುವ ಮೊದಲು ದಿಮ್ಮಿಯ ತುದಿಯನ್ನು ಒಮ್ಮೆ ನೋಡಿದೆ. ಅದಕ್ಕೇ ಅಲ್ಲವೇ ಬಂದದ್ದು? ಕೊಯ್ದ ತುದಿ ಇನ್ನೂ ಹಸಿ ಹಳದಿ. ನಡುವೆ ಸುತ್ತಿಗೆಯಿಂದ ಹೊಡೆದ ಅಚ್ಚು. ವೃತ್ತದೊಳಗೆ ಮೂರು ಗೀಟು. ಹೊಸದು. ಬುಡದಲ್ಲಿ ಮರದ ದೈವಕ್ಕೆ ಮದ್ಯ ಸುರಿದ ಗುರುತಿರಲಿಲ್ಲ, ಮೊಟ್ಟೆ ಒಡೆದಿರಲಿಲ್ಲ. ಓಡಂ ಮರಕ್ಕೆ ಹೇಳದೆ ಕೇಳದೆ ಕೊಡಲಿ ಹಾಕುವವರು ಕಳ್ಳರು ಮಾತ್ರ.

ಮಚ್ಚಿನವನು ಬೆನ್ನಿಗೆ ಬಿದ್ದ. ಕೋಕೋ ತೋಟ ದಾಟಿದೆ, ಹಳ್ಳ ದಾಟಿದೆ. ಒಂದು ದೊಡ್ಡ ಮರದ ಗೋಡೆಯಂಥ ಬೇರುಗಳ ನಡುವೆ ಮುದುಡಿ ಕುಳಿತೆ. ಹೆಜ್ಜೆ ಸದ್ದು ಬಂತು. ನಿಂತಿತು.

ಆಗ ಸೀನು ಬಂತು.

ಮೂಗು ಹಿಂಡಿದೆ, ನಾಲಗೆ ಕಚ್ಚಿದೆ. ಕಣ್ಣಲ್ಲಿ ನೀರು. ಇನ್ನು ಆಗುವುದಿಲ್ಲ ಅನ್ನುವ ಹೊತ್ತಿಗೆ... ಅವನೇ ಸೀನಿದ. ಒಂದಲ್ಲ, ಸಾಲಾಗಿ. ಅವನ ಮೈಮೇಲೂ ಅದೇ ಪುಡಿ. ಆ ಸದ್ದಿನಲ್ಲಿ ನಾನೂ ಸೀನಿಕೊಂಡು ಎದುರು ದಿಕ್ಕಿಗೆ ಹೋದೆ. ರಸ್ತೆಯಲ್ಲಿ ಬಾಳೆಕಾಯಿ ಲಾರಿಯೊಂದು ಸಿಕ್ಕಿತು.

ನನ್ನ ಹೆಸರು ಎಕೋ ಬೆಂಟ್ಸಿಲ್. ಕಳೆದುಹೋದ ದಿಮ್ಮಿ ಹುಡುಕುವುದು ನನ್ನ ಕೆಲಸ. ಮೊದಲು ತಾಕೊರಾಡಿ ಬಂದರಿನಲ್ಲಿದ್ದೆ. ಹೆಂಡತಿ ಬಂದರು ನೋಡಿಕೊಂಡಳು, ಒಬ್ಬ ಹಡಗಿನವನನ್ನು ನೋಡಿಕೊಂಡಳು, ಹೋದಳು. ನಾನು ಈ ಬೆನ್ಸುಕ್ರೊಮ್ ಪಟ್ಟಣಕ್ಕೆ ಬಂದೆ. ಒಂದು ಕೋಣೆ, ಒಂದು ಮಂಚ, ಎರಡು ಕಿಟಕಿ. ವಾರದಲ್ಲಿ ಆರು ದಿನ ನನ್ನ ಊಟ ಲಾರಿ ನಿಲ್ದಾಣದಲ್ಲಿ. ಭಾನುವಾರ ಮಾತ್ರ ವೋಫಾ ಅಬಾಕಾ ಅವರ ಮನೆಯಲ್ಲಿ.

ವೋಫಾ ಎಂದರೆ ತಾಯಿಯ ಅಣ್ಣ. ಅವರು ನನಗೆ ರಕ್ತಸಂಬಂಧಿಯಲ್ಲ. ಹಳೆಯ ಮರದ ಗುತ್ತಿಗೆದಾರ. ನಾನು ಈ ಊರಿಗೆ ಬಂದ ಮೊದಲ ವಾರ, "ಏ, ಒಂಟಿ ಪ್ರಾಣಿ, ಬಾ ಊಟಕ್ಕೆ" ಎಂದು ಕರೆದ ಏಕೈಕ ಮನುಷ್ಯ. ಅಂದಿನಿಂದ ವೋಫಾ.

ವೃತ್ತದೊಳಗೆ ಮೂರು ಗೀಟು ಅವರ ಗುರುತು.

ಮರ ಬಿದ್ದ ಕೂಡಲೇ ಗುತ್ತಿಗೆದಾರ ತನ್ನ ಸುತ್ತಿಗೆಯಿಂದ ದಿಮ್ಮಿಯ ತುದಿಗೆ ಗುರುತು ಹೊಡೆಯಬೇಕು. ಗುರುತಿಲ್ಲದ ದಿಮ್ಮಿ ರಸ್ತೆಗೆ ಬಂದರೆ ಕಳ್ಳಮಾಲು. ಗುರುತಿದ್ದರೆ ಬಂದರಿನವರೆಗೂ ಯಾರೂ ತಡೆಯುವುದಿಲ್ಲ. ಮೂರು ವಾರದ ಹಿಂದೆ ವೋಫಾ ತಮ್ಮ ಸುತ್ತಿಗೆ ಕಳುವಾಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟರು. ಸುತ್ತಿಗೆ ಇಟ್ಟಿದ್ದ ಲಾರಿಯ ಕೀಲಿ ಡ್ರೈವರ್ ನ್ಯಾನ್ಜುವಿನ ಹತ್ತಿರ ಇತ್ತು. ಪೊಲೀಸರು ನ್ಯಾನ್ಜುವನ್ನು ಒಯ್ದರು. ಸೋಮವಾರ ಅವನನ್ನು ಕೋರ್ಟಿಗೆ ತರುವುದಿತ್ತು. ಅಲ್ಲಿಂದ ಸೆಕೊಂಡಿ ಜೈಲು, ಎಷ್ಟು ವರ್ಷವೋ.

ನನ್ನನ್ನು ಗೊತ್ತು ಮಾಡಿಕೊಂಡದ್ದು ಅವನ ಹೆಂಡತಿ ಅಕುಬಾ. ಲಾರಿ ನಿಲ್ದಾಣದಲ್ಲಿ ಕೆಂಕೆ ಮಾರುವವಳು. ಹುಳಿಬರಿಸಿದ ಜೋಳದ ಹಿಟ್ಟಿನ ಉಂಡೆ, ಜೊತೆಗೆ ಕರಿದ ಮೀನು.

ಲಾರಿಯಿಂದ ಇಳಿದು ನೇರ ಠಾಣೆಗೆ ಹೋದಾಗ ಇನ್ಸ್‌ಪೆಕ್ಟರ್ ಡೊಗ್ಬೆ ನನ್ನ ಹರಿದ ಅಂಗಿಯನ್ನು ನೋಡಿದರು. ಕುಳಿತುಕೋ ಅನ್ನಲಿಲ್ಲ.

"ಈ ವಾರ ಹೊಡೆದ ಗುರುತು ಸಾರ್. ನ್ಯಾನ್ಜು ಮೂರು ವಾರದಿಂದ ನಿಮ್ಮ ಲಾಕಪ್ಪಲ್ಲಿದಾನೆ. ಗೋಡೆ ತೂರಿ ಹೋಗಿ ಹೊಡೆದ್ನಾ?"

"ಮೊದಲೇ ಮಾರಿರ್ತಾನೆ. ಕೊಂಡವನು ಹೊಡೀತಾನೆ."

"ಯಾರಿಗೆ ಮಾರಿದ?"

"ಅದನ್ನ ಹುಡುಕೋಕೆ ನೀನಿದೀಯಲ್ಲ, ಬೆಂಟ್ಸಿಲ್. ಸುತ್ತಿಗೆ ತಾ. ಇಲ್ಲ ಸುತ್ತಿಗೆ ಇಟ್ಕೊಂಡಿರೋನ್ನ ತಾ. ಕಥೆ ತರಬೇಡ. ನನ್ನ ಹತ್ರ ಬೇಕಾದಷ್ಟಿದೆ."

ಅವರು ಹೇಳಿದ್ದು ನ್ಯಾಯವೇ. ನಾನು ಹೊರಗೆ ಬಂದೆ. ಅಕುಬಾ ಮೆಟ್ಟಿಲ ಮೇಲೆ ಕುಳಿತಿದ್ದಳು. ದೊಡ್ಡ ಮೈಯವಳು. ಮೆಟ್ಟಿಲು ತುಂಬಿತ್ತು.

"ಏನಂದ್ರು?"

"ಸುತ್ತಿಗೆ ತಾ ಅಂದ್ರು."

"ನಿನ್ನ ಮುಖ ನೋಡಿದ್ರೆ ಯಾರೋ ಸುತ್ತಿಗೇಲೇ ಹೊಡೆದ ಹಾಗಿದೆ."

"ಚೈನ್‌ಸಾ."

ಅವಳು ಎದ್ದಳು. "ವೋಫಾ ಮನೆಗೆ ಹೋಗ್ತೀಯಾ? ನಾನೂ ಬರ್ತೀನಿ. ಮುದುಕ ಹದಿನಾಲ್ಕು ವರ್ಷ ನನ್ನ ಗಂಡನ ಕೈಲಿ ಲಾರಿ ಕೊಟ್ಟಿದ್ದ. ಅವನು ಅಂಥೋನಲ್ಲ ಅಂತ ಒಂದು ಮಾತು ಪೊಲೀಸ್ರಿಗೆ ಹೇಳ್ಲಿ. ಒಂದೇ ಮಾತು. ಕಾಲು ಹಿಡ್ಕೋತೀನಿ."

"ಮೊದಲು ನಾನು ಮಾತಾಡ್ತೀನಿ. ನೀನು ಕವಲುದಾರೀಲಿ ನಿಂತಿರು."

ವೋಫಾ ಮನೆ ಪಟ್ಟಣದಿಂದ ಅರ್ಧ ಗಂಟೆಯ ದಾರಿ, ಒಂದು ಹಳ್ಳಿಯ ತುದಿಯಲ್ಲಿ. ನಾವು ಹೋದದ್ದು ಟ್ರೊಟ್ರೊದಲ್ಲಿ. ಹಿಂದೆ ಮರದ ಬೆಂಚು ಹಾಕಿ ಜನರನ್ನು ತುಂಬುವ ಹಳೆಯ ವ್ಯಾನು.

ವೋಫಾ ಜಗಲಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅವರು ನನಗಾಗಿ ಎಂದೂ ಎದ್ದು ನಿಂತವರಲ್ಲ.

"ಇವತ್ತು ಶನಿವಾರ ಕಣೋ."

"ಗೊತ್ತು ವೋಫಾ."

"ಏನಾಯ್ತು ಮುಖಕ್ಕೆ?"

"ಸಕೋರಾ ಅಂತ ಒಬ್ಬ. ಮೀಸಲು ಕಾಡಲ್ಲಿ ಓಡಂ ಕಡೀತಾ ಇದಾನೆ. ನಿಮ್ಮ ಗುರುತು ಹೊಡೆದು."

ಅವರು ಉತ್ತರ ಕೊಡುವ ಮೊದಲು ಸೀನಿದರು. ಮತ್ತೆ ಸೀನಿದರು. ಮೂಗು ಒರೆಸಿಕೊಂಡರು.

"ಶೀತ," ಎಂದರು. "ಕೂತ್ಕೋ. ನೀರು ತರಿಸ್ತೀನಿ."

"ಮೊದಲು ಮುಖ ತೊಳ್ಕೋತೀನಿ. ಹಿಂದೆ ನೀರಿದೆಯಲ್ಲ?"

"ಇಲ್ಲೇ ತರಿಸ್ತೀನಿ ಅಂದ್ನಲ್ಲ..."

ನಾನು ಆಗಲೇ ಮನೆ ಸುತ್ತಿ ಹಿಂದಕ್ಕೆ ಹೋಗಿದ್ದೆ. ಆ ಮನೆಯಲ್ಲಿ ನನಗೆ ಯಾವ ಬಾಗಿಲೂ ಮುಚ್ಚಿರಲಿಲ್ಲ.

ಹಿತ್ತಲಿನಲ್ಲಿ ಬಿಸಿಲಿಗೆ ಹಲಗೆ ಮಲಗಿತ್ತು. ಓಡಂ ಹಲಗೆ, ಹೊಸ ಬೆಂಚಿಗೆ. ಹೋದ ಭಾನುವಾರ ಊಟವಾದ ಮೇಲೆ ಅದಕ್ಕೆ ಕೀಸುಳಿ ಹಾಕಿದ್ದು ನಾನೇ. ಆಗ ಅದು ಮಾಗಿದ ಬಾಳೆಹಣ್ಣಿನ ಹಾಗೆ ಹಳದಿ. ಓಡಂ ಹಾಗೆಯೇ ಉಳಿಯುವುದಿಲ್ಲ. ಬಿಸಿಲು ತಿಂದು ಕೆಲವೇ ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಹಲಗೆಯನ್ನು ಹೊರಗಿಡುವುದು, ಎಣ್ಣೆ ಹಚ್ಚುವ ಮೊದಲು ಬಣ್ಣ ಬರಲಿ ಎಂದು.

ಬಣ್ಣ ಬಂದಿತ್ತು. ಒಂದು ಜಾಗ ಬಿಟ್ಟು.

ಆ ಜಾಗದಲ್ಲಿ ಹಳದಿ ಸುತ್ತಿಗೆಯೊಂದು ಮಲಗಿತ್ತು. ಸುತ್ತಿಗೆಯಲ್ಲ, ಸುತ್ತಿಗೆ ಇದ್ದ ಜಾಗ. ತಲೆಯ ಒಂದು ಕಡೆ ದಪ್ಪ ಮುಖ, ಇನ್ನೊಂದು ಕಡೆ ತೊಗಟೆ ಸವರುವ ಕೊಡಲಿ ಬಾಯಿ. ಗುರುತಿನ ಸುತ್ತಿಗೆ ಮಾತ್ರ ಹಾಗಿರುತ್ತದೆ. ಹಿಡಿ ಸೊಟ್ಟ. ವೋಫಾ ಪೇರಲೆ ಕೊಂಬೆ ಕಡಿದು ತಾವೇ ಹಾಕಿಕೊಂಡ ಹಿಡಿ. ಅದರ ಸೊಟ್ಟ ನನಗೆ ನನ್ನ ಬೆರಳಿನ ಸೊಟ್ಟದಷ್ಟು ಪರಿಚಯ.

ಹಲಗೆಯ ಇನ್ನೊಂದು ತುದಿಯಲ್ಲಿ ಕೀಸುಳಿ ಇತ್ತು. ಹಸಿ ಸುರುಳಿಗಳು ನೆಲದ ಮೇಲೆ ಬಿದ್ದಿದ್ದವು. ಅಂಗೈಯಗಲ ಕೀಸಿ ಆಗಿತ್ತು. ನಾನು ಒಂದು ಗಂಟೆ ತಡವಾಗಿ ಬಂದಿದ್ದರೆ ಹಲಗೆಯೆಲ್ಲ ಮತ್ತೆ ಹಳದಿ.

ಶೀತವಲ್ಲ. ಓಡಂ ಪುಡಿ.

ಹಿಂದಿನಿಂದ ಅವರ ಚಪ್ಪಲಿ ಸದ್ದು ಬಂತು.

"ಮುಖ ತೊಳೆದ್ಯಾ?"

"ಇಲ್ಲ."

ಇಬ್ಬರೂ ಹಲಗೆಯನ್ನು ನೋಡುತ್ತ ನಿಂತೆವು. ಕೋಳಿಯೊಂದು ನಮ್ಮ ಕಾಲ ನಡುವೆ ಹಾದುಹೋಯಿತು.

"ಗುರುತಿನ ಸುತ್ತಿಗೇನ ನೆಲಕ್ಕೆ ಇಡಬಾರದು," ಎಂದರು ವೋಫಾ. "ಮರದ ಮೇಲೇ ಇಡಬೇಕು. ನಮ್ಮ ವೋಫಾ ನನಗೆ ಕಲಿಸಿದ್ದು. ಐವತ್ತು ವರ್ಷದ ಅಭ್ಯಾಸ. ಕೈ ತಾನಾಗೇ ಇಟ್ಟುಬಿಡ್ತು. ನಿನ್ನೆ ಸಕೋರಾ ತಗೊಂಡು ಹೋದ ಮೇಲೂ ನಂಗೆ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಕಂಡ್ತು."

"ಯಾಕೆ ವೋಫಾ?"

"ನನ್ನ ಪಾಲಿನ ಕಾಡಲ್ಲಿ ಏನುಳಿದಿದೆ? ಕುರುಚಲು. ಆಸ್ತಿ ಹಕ್ಕು ಅಕ್ಕನ ಮಕ್ಕಳದು, ನಾನು ಸತ್ತ ದಿನ ಬಂದು ಮನೆಗೆ ಬೀಗ ಹಾಕ್ತಾರೆ. ಅಲ್ಲೀವರೆಗೂ ತಿನ್ನಬೇಕಲ್ಲ. ಸುತ್ತಿಗೆ ಕಳುವಾಗಿದೆ ಅಂತ ಹೇಳಿಟ್ರೆ, ನಾಳೆ ದಿಮ್ಮಿ ಸಿಕ್ಕಿಬಿದ್ರೂ ನನ್ನ ತಲೆಗೆ ಬರಲ್ಲ. ಅಷ್ಟೇ ಲೆಕ್ಕ."

"ನ್ಯಾನ್ಜು?"

"ಅವನ ಹೆಸರು ನಾನು ಹೇಳಲಿಲ್ಲ."

"ಅವನಲ್ಲ ಅಂತಲೂ ಹೇಳಲಿಲ್ಲ."

"ಪೊಲೀಸ್ರು ಕೇಳಿದ್ರು. ನಾನು ಸುಮ್ಮನಿದ್ದೆ."

"ಇವತ್ತು ಬೆಳಿಗ್ಗೆ ನಾನು ಆ ಕಾಡಿಗೆ ಬರ್ತೀನಿ ಅಂತ ಸಕೋರಾಗೆ ಯಾರು ಹೇಳಿದ್ದು?"

ನಾನು ಕಾಡಿಗೆ ಹೋಗುವುದು ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಅಕುಬಾ.

ವೋಫಾ ಕೋಳಿಯನ್ನು ನೋಡಿದರು. "ಹೆದರಿಸಿ ಕಳಿಸು ಅಂದಿದ್ದೆ. ಚೈನ್‌ಸಾ ಅಂದಿರಲಿಲ್ಲ."

ಹದಿಮೂರು ವರ್ಷದ ಭಾನುವಾರಗಳು. ಒಂದೊಂದೂ ನೆನಪಾಗುತ್ತದೆ ಎಂದುಕೊಂಡೆ. ಒಂದೂ ನೆನಪಾಗಲಿಲ್ಲ.

ಅವರು ಕೀಸುಳಿ ಎತ್ತಿ ನನ್ನ ಕಡೆ ಚಾಚಿದರು. "ನನ್ನ ತೋಳಲ್ಲಿ ಶಕ್ತಿ ಇಲ್ಲ. ನೀನು ಹಾಕು. ಸಲೀಸು. ಆಮೇಲೆ ಊಟ ಮಾಡೋಣ. ನ್ಯಾನ್ಜು ಇನ್ನೂ ಗಟ್ಟಿಮುಟ್ಟಾಗಿದಾನೆ, ಜೈಲು ತಡ್ಕೋತಾನೆ. ನಂಗೆ ಎಂಬತ್ತು. ನಂಗೆ ಯಾರಿದಾರೆ ಎಕೋ? ನಿಂಗೆ ಯಾರಿದಾರೆ?"

 

ನಾನು ಕೀಸುಳಿ ತೆಗೆದುಕೊಂಡೆ. ಗೋಡೆಯಾಚೆಗೆ ಎಸೆದೆ. ಹಗ್ಗದ ಮೇಲೆ ಅವರ ಹೊದಿಕೆ ಬಟ್ಟೆ ಒಣಗುತ್ತಿತ್ತು. ಅದನ್ನೇ ಎಳೆದು ಹಲಗೆಗೆ ಎರಡು ಸುತ್ತು ಸುತ್ತಿದೆ.

"ಬಿಗಿಯಾಗಿ ಸುತ್ತು," ಎಂದರು ಮುದುಕ. "ಬಿಸಿಲು ಬಿದ್ರೆ ಅಳಿಸಿಹೋಗುತ್ತೆ. ಪಟ್ಟಣ ದೂರ ಇದೆ. ಸಕೋರಾ ಮಧ್ಯಾಹ್ನ ಬರ್ತೀನಿ ಅಂದಿದಾನೆ. ಬಂದ್ರೆ ನಾನು ಸುಳ್ಳು ಹೇಳಲ್ಲ."

"ಇಷ್ಟು ದಿನ ಹೇಳಿದ್ದೇ ಸಾಕು ವೋಫಾ."

ಹಲಗೆ ಹೊತ್ತುಕೊಂಡು ಕವಲುದಾರಿಗೆ ಬಂದೆ. ಹೆಗಲು ಕಿತ್ತುಬರುವಷ್ಟು ಭಾರ. ಅಕುಬಾ ನನ್ನ ಮುಖ ನೋಡಿದಳು, ಹಲಗೆ ನೋಡಿದಳು. ಹೇಳಿದೆ. ಅವಳು ಅಳಲಿಲ್ಲ. "ಹದಿನಾಲ್ಕು ವರ್ಷ," ಎಂದಳು ಅಷ್ಟೆ.

ಮಧ್ಯಾಹ್ನದವರೆಗೂ ಕಾದ ಮೇಲೆ ಟ್ರೊಟ್ರೊ ಬಂತು. ಕಂಡಕ್ಟರ್ ಹಲಗೆಯನ್ನು ಮೇಲೆ ಹಾಕು ಎಂದ. ಅಕುಬಾ ಅದನ್ನು ಒಳಗೆ ತಳ್ಳಿ, ಬೆಂಚಿನ ಮೇಲೆ ಉದ್ದಕ್ಕೆ ಹಾಸಿ, ಅದರ ಮೇಲೆ ಕುಳಿತಳು. ಪಕ್ಕದಲ್ಲಿ ಇನ್ನೂ ಮೂವರು ಸಂತೆಯ ಹೆಂಗಸರು ಕುಳಿತರು. ಅವರ ಬುಟ್ಟಿ, ಸೆರಗು, ಮೈ. ಹಲಗೆ ಮಾಯವಾಯಿತು.

ಸೇತುವೆಯ ಹತ್ತಿರ, ಕಾಡಿನ ಅಡ್ಡದಾರಿ ಬಂದು ಸೇರುವಲ್ಲಿ, ಲಾರಿಯೊಂದು ಅಡ್ಡ ನಿಂತಿತ್ತು.

ಸಕೋರಾ ಕುಂಟುತ್ತ ಬಂದ. ತೊಡೆಗೆ ಬಟ್ಟೆ ಬಿಗಿದಿತ್ತು. ಮಚ್ಚಿನವನು ವ್ಯಾನಿನ ಮೇಲೆ ಹತ್ತಿ ಮೂಟೆಗಳನ್ನು ಎಳೆದಾಡಿದ. ಸಕೋರಾ ಒಳಗೆ ತಲೆ ಹಾಕಿದ. ನಾನು ಕೊನೆಯ ಸಾಲಿನಲ್ಲಿದ್ದೆ.

"ಹಲಗೆ ಎಲ್ಲಿ?"

"ಯಾವ ಹಲಗೆ?"

"ಮುದುಕ ಹೇಳಿದ. ನಿನ್ನ ಕೊಲ್ಲೋದು ಬೇಕಿಲ್ಲ ಕಣೋ. ಹಲಗೆ ಕೊಡು. ಬಿಚ್ಚಿ ರಸ್ತೆ ಬದಿಗೆ ಮಲಗಿಸ್ತೀನಿ. ಉಳಿದದ್ದು ಸೂರ್ಯ ನೋಡ್ಕೋತಾನೆ."

"ಭಾರ ಆಯ್ತು. ಹಳ್ಳಕ್ಕೆ ಹಾಕಿದೆ."

ಅವನ ಕಣ್ಣು ಬೆಂಚುಗಳ ಮೇಲೆ ಓಡಾಡಿತು. ಅಕುಬಾನ ಹತ್ತಿರ ನಿಂತಿತು.

"ಏಯ್ ಹೆಂಗಸೇ. ಏಳು ಮೇಲೆ."

"ಏಳಿಸು," ಎಂದಳು ಅಕುಬಾ. "ಕೈ ಕೊಡು. ನನ್ನ ಗಂಡಾನೂ ಮೂರು ವಾರದಿಂದ ಏಳಿಸಿಲ್ಲ. ನೀನಾದ್ರೂ ಏಳಿಸು."

ವ್ಯಾನು ನಕ್ಕಿತು. ಪಕ್ಕದ ಟೊಮೆಟೊ ಮಾರುವವಳು, "ಬೋಳಪ್ಪ, ಮೊದಲು ನಿನ್ನ ಕಾಲು ನೆಟ್ಟಗೆ ಮಾಡ್ಕೋ, ಆಮೇಲೆ ಹೆಂಗಸ್ರನ್ನ ಎತ್ತುವಿಯಂತೆ," ಎಂದಳು. ಹಿಂದೆ ಮೂರು ಲಾರಿ ಬಂದು ನಿಂತು ಹಾರನ್ ಹೊಡೆಯತೊಡಗಿದ್ದವು. ಅದರಲ್ಲೊಂದು ಸೈನಿಕರದು. ಸಕೋರಾ ಅತ್ತ ನೋಡಿದ. ನನ್ನ ಕಡೆ ಬೆರಳು ತೋರಿಸಿದ.  ಕುಂಟುತ್ತ ಹೋದ.

ಅಕುಬಾ ಪಟ್ಟಣದವರೆಗೆ ಅಲುಗಾಡಲಿಲ್ಲ. 

ಠಾಣೆಯಲ್ಲಿ ಡೊಗ್ಬೆ ಇರಲಿಲ್ಲ. ಶವಸಂಸ್ಕಾರಕ್ಕೆಂದು ಊರಿಗೆ ಹೋಗಿದ್ದಾರೆ, ಸೋಮವಾರ ಬೆಳಿಗ್ಗೆ ಬರುತ್ತಾರೆ ಎಂದ ಪೇದೆ. ಹಲಗೆಯನ್ನು ಅಲ್ಲಿ ಕಿಟಕಿ ಕೆಳಗೆ ಬಿಡುವ ಧೈರ್ಯ ನನಗಾಗಲಿಲ್ಲ. ಕೋಣೆಗೆ ತಂದೆ. ಎರಡೂ ಕಿಟಕಿ ಮುಚ್ಚಿ, ಸಂದಿಗೆ ಚಿಂದಿ ತುರುಕಿದೆ. ಹಲಗೆಯನ್ನು ಮಂಚದ ಮೇಲೆ ಮಲಗಿಸಿದೆ. ನಾನು ನೆಲದ ಮೇಲೆ ಬಾಗಿಲಿಗೆ ಒರಗಿ ಕುಳಿತೆ.

ಸುತ್ತಿದ ಬಟ್ಟೆಯಿಂದ ವೋಫಾ ಮನೆಯ ಸೋಪಿನ ವಾಸನೆ ಬರುತ್ತಿತ್ತು.

ಭಾನುವಾರ ಚರ್ಚಿನ ಗಂಟೆ ಮೊಳಗಿತು. ಜನ ಹೊಸ ಬಟ್ಟೆ ಹಾಕಿಕೊಂಡು ನನ್ನ ಬಾಗಿಲ ಮುಂದೆ ಹಾದುಹೋದರು. ಮಧ್ಯಾಹ್ನವಾಯಿತು. ಅಕ್ಕಪಕ್ಕದ ಮನೆಗಳಲ್ಲಿ ಬೇಯಿಸಿದ ಮರಗೆಣಸನ್ನು ಫುಫು ಮುದ್ದೆಗೆ ಕುಟ್ಟುವ ಸದ್ದು ಶುರುವಾಯಿತು. ಅದು ನಾನು ಅವರ ಮನೆಗೆ ಹೊರಡುವ ಹೊತ್ತು. ಕತ್ತಲಲ್ಲಿ ಕುಳಿತು ಒಣ ಬ್ರೆಡ್ ತಿಂದೆ. ಒಂದು ಸಲ ಎದ್ದು ಕಿಟಕಿಯ ಅಗುಳಿಯ ಮೇಲೆ ಕೈ ಇಟ್ಟೆ. ತೆಗೆದು ಮಲಗಿಬಿಟ್ಟರೆ ಆಯಿತು. ಯಾರೂ ನನ್ನನ್ನು ದೂರುವ ಹಾಗಿರಲಿಲ್ಲ. ಬಿಸಿಲು ಮಾಡಿತು ಅನ್ನಬಹುದಿತ್ತು.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಕೈ ತೆಗೆದು ಮತ್ತೆ ಬಾಗಿಲಿಗೆ ಒರಗಿದೆ.

ಸೋಮವಾರ ಡೊಗ್ಬೆ ಮೇಜಿನ ಮೇಲೆ ಬಟ್ಟೆ ಬಿಚ್ಚಿದರು. ಸೊಟ್ಟ ಹಿಡಿಯ ಹಳದಿ ಸುತ್ತಿಗೆ ಅಲ್ಲೇ ಇತ್ತು.

"ಹಿಡಿ ಸೊಟ್ಟ ಅಂತ ದೂರು ಕೊಡುವಾಗ ಅವರೇ ಹೇಳಿದ್ರು," ಎಂದರು. "ಈ ಹಲಗೆ ಯಾವತ್ತು ಕೀಸಿದ್ದು?"

"ಹೋದ ಭಾನುವಾರಕ್ಕೆ ಮುಂಚಿನ ಭಾನುವಾರ. ಅವರು ಕಳುವಿನ ದೂರು ಕೊಟ್ಟು ಎರಡು ವಾರ ಆದ ಮೇಲೆ. ಕೀಸಿದ್ದು ನಾನೇ."

"ಸಾಕ್ಷಿ ಹೇಳ್ತೀಯಾ? ಅವರೆದುರಿಗೆ?"

"ಹೇಳ್ತೀನಿ."

ಅವರು ಕುರ್ಚಿಯೊಂದನ್ನು ನನ್ನ ಕಡೆ ತಳ್ಳಿದರು. "ಕೂತ್ಕೋ, ಬೆಂಟ್ಸಿಲ್," ಎಂದರು.

ಸಾಕ್ಷಿ ಬೇಕಾಗಲಿಲ್ಲ. ಪೊಲೀಸರು ಹೋದಾಗ ವೋಫಾ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದರಂತೆ. ಎಲ್ಲವನ್ನೂ ಒಪ್ಪಿಕೊಂಡರು. ಸಕೋರಾ ಗಡಿ ದಾಟಲು ಹೋಗಿ ಸಿಕ್ಕಿಬಿದ್ದ, ಸುತ್ತಿಗೆ ಅವನ ಲಾರಿಯ ಸೀಟಿನ ಕೆಳಗಿತ್ತು. ನ್ಯಾನ್ಜು ಅಂದೇ ಸಂಜೆ ಮನೆಗೆ ಬಂದ. ಅಕುಬಾ ಮೂರು ದಿನ ಅಂಗಡಿ ತೆರೆಯಲಿಲ್ಲ. ನಾನು ಅಭಿನಂದನೆ ಹೇಳಲು ಹೋಗಲಿಲ್ಲ. ಅವರ ಮನೆಯಿಂದ ನಗು ರಸ್ತೆಗೆ ಕೇಳಿಸುತ್ತಿತ್ತು.

ವೋಫಾರನ್ನು ಸೆಕೊಂಡಿಗೆ ಕಳಿಸಿದರು. ಅಕ್ಕನ ಮಕ್ಕಳು ಬಂದು ಮನೆಗೆ ಬೀಗ ಹಾಕಿದರು. ಅವರನ್ನು ನೋಡಲು ಜೈಲಿಗೆ ಯಾರೂ ಹೋಗಲಿಲ್ಲ.

ಭಾನುವಾರ ಫುಫು ಮತ್ತು ಸಾರು ಡಬ್ಬಿಗೆ ಹಾಕಿಸಿಕೊಂಡು ಬಸ್ಸು ಹತ್ತಿದೆ. ಜೈಲಿನ ಬಾಗಿಲಲ್ಲಿ ಹೆಸರು ಹೇಳಿ ಕಳಿಸಿದೆ. ವಾರ್ಡರ್ ಡಬ್ಬಿ ಒಳಗೆ ಒಯ್ದ. ಬಹಳ ಹೊತ್ತಿನ ಮೇಲೆ ಖಾಲಿ ಡಬ್ಬಿ ಹಿಡಿದು ಬಂದ.

"ನಿನ್ನ ನೋಡಲ್ವಂತೆ," ಎಂದ.

"ಮತ್ತೇನಾದ್ರೂ ಹೇಳಿದ್ರಾ?"

"ಸಾರಿಗೆ ಮೆಣಸಿನಕಾಯಿ ಸಾಲದು ಅಂದ್ರು."

ಮುಂದಿನ ಭಾನುವಾರ ಖಾರ ಹೆಚ್ಚು ಹಾಕಿಸಿದೆ.